ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಐರನ್

ಕಳೆದ ಸೆಮಿಸ್ಟರ್ ರಜೆಯಲ್ಲಿ ನಮ್ಮ ಕೈಗೆ ಎರಡು ಹಳೇ ಗಾಲ್ಫ್ ಕ್ಲಬ್‌ಗಳು ಬಂದವು. ನಮ್ಮಲ್ಲೊಬ್ಬನ ಚಿಕ್ಕಪ್ಪ ಬೆಂಗಳೂರಿನ ಗಾಲ್ಫ್ ಮೈದಾನವೊಂದರಲ್ಲಿ ಎಷ್ಟೋ ವರ್ಷಗಳಿಂದ ಕ್ಯಾಡಿ ಕೆಲಸ ಮಾಡುತ್ತಾರೆ. ಯಾರೋ ಆಡಿ ಬಿಟ್ಟ ಎರಡು ಏಳನೇ ನಂಬರಿನ ಐರನ್‌ಗಳನ್ನು ಅವರು ಮನೆಗೆ ತಂದಿಟ್ಟಿದ್ದರು. ಒಂದು ತೆಳ್ಳಗೆ, ನಯವಾಗಿ, ಚಾಕುವಿನ ಅಲಗಿನ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ದಪ್ಪ, ಬೆನ್ನಲ್ಲಿ ದೊಡ್ಡ ಗುಳಿ, ನೋಡೋಕೆ ಸೌಟಿನ ಹಾಗಿತ್ತು. ನಾವು ನಾಲ್ಕು ಜನವೂ ಮೊದಲು ಕೈಹಾಕಿದ್ದು ತೆಳ್ಳಗಿನದಕ್ಕೇ.

ಚಿಕ್ಕಪ್ಪ ನಕ್ಕರು. "ಏನ್ರಪ್ಪಾ ಎಂಜಿನಿಯರ್‌ಗಳೇ, ಚೆನ್ನಾಗಿ ಹೊಡೆದ ಚೆಂಡು ಎರಡರಲ್ಲೂ ಹೋಗುತ್ತೆ. ಕೆಟ್ಟದಾಗಿ ಹೊಡೆದದ್ದು ಎಲ್ಲಿಗೆ ಹೋಗುತ್ತೆ ಅಂತ ನೋಡಿ, ಆಮೇಲೆ ಆರಿಸ್ಕೊಳ್ಳಿ" ಅಂದರು.

ಈ ಲೇಖನ ಅಷ್ಟೇ. ಅವರು ಒಂದು ಮಾತಿನಲ್ಲಿ ಹೇಳಿದ್ದನ್ನು ನಾವು ಎರಡನೇ ವರ್ಷದ ಮೆಕ್ಯಾನಿಕ್ಸ್ ಹಿಡಿದುಕೊಂಡು ಅರ್ಥಮಾಡಿಕೊಳ್ಳಲು ಹೊರಟಿದ್ದೇವೆ.

ಮೊದಲು ಮೂರು ಪದ

ಗಾಲ್ಫ್ ಆಡುವವರು ಒಂದು ಸುತ್ತಿಗೆ ಚೀಲದಲ್ಲಿ ಹೆಚ್ಚೆಂದರೆ 14 ಕ್ಲಬ್ ಇಟ್ಟುಕೊಳ್ಳಬಹುದು. ದೂರ ಹೊಡೆಯಲು ಡ್ರೈವರ್, ಚೆಂಡನ್ನು ಕುಳಿಗೆ ಉರುಳಿಸಲು ಪಟ್ಟರ್. ಇವೆರಡರ ನಡುವಿನ ಕೆಲಸಕ್ಕೆ, ಅಂದರೆ ಇಷ್ಟೇ ದೂರಕ್ಕೆ ಹೋಗಿ ಹಸಿರು ಹಾಸಿನ ಮೇಲೆ ನಿಲ್ಲಬೇಕು ಅನ್ನುವ ಹೊಡೆತಕ್ಕೆ, ಐರನ್. ನಂಬರ್ ಹೆಚ್ಚಾದಂತೆ ಮುಖ ಹೆಚ್ಚು ಓರೆ, ಚೆಂಡು ಹೆಚ್ಚು ಎತ್ತರ, ದೂರ ಕಡಿಮೆ.

ಐರನ್ ಕೊಳ್ಳುವಾಗ ಮೂರು ಗುಣಗಳ ಮಾತು ಬರುತ್ತದೆ. ಒಂದು ಕಂಟ್ರೋಲ್: ಅಂದುಕೊಂಡ ಕಡೆಗೆ, ಅಂದುಕೊಂಡಷ್ಟು ದೂರಕ್ಕೆ ಚೆಂಡು ಹೋಗುವುದು. ಎರಡು ಫೀಲ್: ಹೊಡೆತ ಹೇಗಿತ್ತು ಅಂತ ಕೈಗೆ ತಿಳಿಯುವುದು. ಮೂರನೆಯದನ್ನು ಇಂಗ್ಲಿಷಿನಲ್ಲಿ ಫರ್ಗಿವ್‌ನೆಸ್ ಅನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಇನ್ನೂ ಚೆಂದದ ಮಾತಿದೆ: ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು. ಚೆಂಡು ಮುಖದ ಮಧ್ಯಕ್ಕೆ ಬದಲು ತುದಿಗೆ ತಾಗಿದರೂ ಫಲಿತಾಂಶ ತೀರಾ ಕೆಡದಂತೆ ನೋಡಿಕೊಳ್ಳುವ ಗುಣ.

ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕಡಿಮೆ ಆಗುತ್ತೆ ಅನ್ನುವುದು ಸಾಮಾನ್ಯ ನಂಬಿಕೆ. ಇದು ಅರ್ಧ ಮಾತ್ರ ನಿಜ. ಯಾಕೆ ಅಂತ ನೋಡೋಣ.

ಗ್ಯಾರೇಜಿನ ಎಂಜಿನಿಯರ್

ಬೆನ್ನಲ್ಲಿ ಗುಳಿ ಇರುವ ಐರನ್‌ನ ಕಥೆಯಲ್ಲಿ ಮುಖ್ಯ ಹೆಸರು ಕಾರ್ಸ್ಟನ್ ಸೋಲ್‌ಹೈಮ್. 1911ರಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಹುಟ್ಟಿ, ಅಮೆರಿಕದ ಸಿಯಾಟಲ್‌ನಲ್ಲಿ ಬೆಳೆದವರು. ತಂದೆ ಚಪ್ಪಲಿ, ಬೂಟು ಹೊಲಿಯುವವರು. ಹಣದ ತಾಪತ್ರಯದಿಂದ ಎಂಜಿನಿಯರಿಂಗ್ ಓದು ಅರ್ಧಕ್ಕೆ ನಿಂತಿತು. ಆದರೂ ವಿಮಾನ ಕಂಪನಿಗಳಲ್ಲಿ ಕೆಲಸ ಕಲಿತು, ಮುಂದೆ ಜನರಲ್ ಎಲೆಕ್ಟ್ರಿಕ್ ಸೇರಿದರು. ಸಹೋದ್ಯೋಗಿಗಳು ಕರೆದರು ಅಂತ ಗಾಲ್ಫ್ ಆಡಲು ಶುರು ಮಾಡಿದ್ದೇ 42ನೇ ವಯಸ್ಸಿನಲ್ಲಿ.

ಅವರ ಸಮಸ್ಯೆ ಪಟ್ಟಿಂಗ್. ಚೆಂಡು ಮಧ್ಯಕ್ಕೆ ತಾಗದಿದ್ದರೆ ಪಟ್ಟರ್ ಕೈಯಲ್ಲಿ ತಿರುಗಿಬಿಡುತ್ತಿತ್ತು. ಬೇರೆಯವರಾಗಿದ್ದರೆ ಇನ್ನಷ್ಟು ಅಭ್ಯಾಸ ಮಾಡುತ್ತಿದ್ದರು. ಇವರು ಪಟ್ಟರ್‌ನ ವಿನ್ಯಾಸವನ್ನೇ ಬದಲಿಸಲು ಹೊರಟರು. 1959ರಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ತಮ್ಮ ಮನೆಯ ಗ್ಯಾರೇಜಿನಲ್ಲಿ, ಮಧ್ಯದ ತೂಕ ತೆಗೆದು ಎರಡು ತುದಿಗೆ ಕೊಟ್ಟ ಪಟ್ಟರ್ ಮಾಡಿದರು. ಚೆಂಡಿಗೆ ತಾಗಿದರೆ 'ಪಿಂಗ್' ಅಂತ ಸದ್ದು. ಅದೇ ಹೆಸರಾಯಿತು. 1960ರ ದಶಕದಲ್ಲಿ ಇದೇ ಯೋಚನೆಯನ್ನು ಐರನ್‌ಗಳಿಗೂ ತಂದರು: ಬೆನ್ನಿನ ಮಧ್ಯದಿಂದ ಲೋಹ ತೆಗೆದು ಅಂಚಿಗೆ ಸರಿಸುವುದು. 1967ರಲ್ಲಿ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿದರು.

ಇಂಥ ಆಕಾರವನ್ನು ಬಡಿದು ಮಾಡುವುದಕ್ಕಿಂತ ಎರಕ ಹೊಯ್ಯುವುದು ಸುಲಭ. ಅದಕ್ಕೆ ಬಂದದ್ದು ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್. ಮೇಣದ ಮಾದರಿ ಮಾಡಿ, ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದು ಲೋಹ ಹೊಯ್ಯುವುದು. ನಮ್ಮ ಕಡೆ ಪಂಚಲೋಹದ ವಿಗ್ರಹ ಮಾಡುವ ಮೂಲತತ್ವವೂ ಇದೇ. 1982ರಲ್ಲಿ ಬಂದ ಪಿಂಗ್ ಐ2 ಐರನ್‌ಗಳ ಹೊತ್ತಿಗೆ, ಕುರೂಪಿ ಅನ್ನಿಸಿಕೊಂಡಿದ್ದ ಗುಳಿಬೆನ್ನಿನ ಐರನ್ ಎಲ್ಲರ ಚೀಲದಲ್ಲೂ ಕಾಣಿಸುವ ಸಾಮಾನಾಗಿತ್ತು.

ಸ್ಕೇಲು, ಎರಡು ನಾಣ್ಯ

ಈಗ ಒಂದು ಪ್ರಯೋಗ. ರೂಮಲ್ಲೇ ಮಾಡಿ ನೋಡಿ. 30 ಸೆಂ.ಮೀ. ಪ್ಲಾಸ್ಟಿಕ್ ಸ್ಕೇಲಿನ ಮಧ್ಯಕ್ಕೆ ಎರಡು ಐದು ರೂಪಾಯಿ ನಾಣ್ಯ ಟೇಪ್ ಹಾಕಿ ಅಂಟಿಸಿ. ಮಧ್ಯದಲ್ಲಿ ಎರಡು ಬೆರಳಿನಿಂದ ಹಿಡಿದು ಅತ್ತಿತ್ತ ಬೇಗ ಬೇಗ ತಿರುಗಿಸಿ. ಆಮೇಲೆ ನಾಣ್ಯಗಳನ್ನು ಎರಡು ತುದಿಗೆ ಅಂಟಿಸಿ ಮತ್ತೆ ತಿರುಗಿಸಿ. ತೂಕ ಅಷ್ಟೇ, ಆದರೆ ಎರಡನೇ ಸಲ ಸ್ಕೇಲು ತಿರುಗಲು ಹಟ ಮಾಡುತ್ತೆ. ಇದೇ ಮೊಮೆಂಟ್ ಆಫ್ ಇನರ್ಷಿಯಾ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಬೆರಳಿಗೆ ಸಿಗುವ ಕ್ಷಣ.

ಐರನ್‌ಗೆ ಇದನ್ನು ಹಚ್ಚೋಣ. ಲೆಕ್ಕಕ್ಕಾಗಿ ತಲೆಯ ತೂಕ 260 ಗ್ರಾಂ, ಉದ್ದ 7.5 ಸೆಂ.ಮೀ. ಅಂದುಕೊಳ್ಳಿ. ತೂಕ ಉದ್ದಕ್ಕೂ ಸಮನಾಗಿ ಹರಡಿದ್ದರೆ ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ತೂಕ ಗುಣಿಸು ಉದ್ದದ ವರ್ಗ ಭಾಗಿಸು 12, ಸುಮಾರು 1,220 ಗ್ರಾಂ ಚದರ ಸೆಂ.ಮೀ. ಎಲ್ಲಾ ತೂಕವೂ ಎರಡು ತುದಿಯಲ್ಲೇ ಇದ್ದರೆ ಸುಮಾರು 3,660. ಸರಿಯಾಗಿ ಮೂರು ಪಟ್ಟು. ನಿಜವಾದ ಐರನ್ ಇಷ್ಟು ಸರಳ ಅಲ್ಲ. ಇವೆರಡನ್ನು ಎರಡು ಕೊನೆಗಳು ಅಂತ ಇಟ್ಟುಕೊಳ್ಳಿ. ಬ್ಲೇಡ್ ಮೊದಲನೆಯದರ ಕಡೆ ವಾಲುತ್ತೆ, ಗುಳಿಬೆನ್ನಿನದು ಎರಡನೆಯದರ ಕಡೆ.

ಈಗ ಚೆಂಡು ಮಧ್ಯದಿಂದ 1.5 ಸೆಂ.ಮೀ. ಆಚೆ ತಾಗಿತು ಅಂದುಕೊಳ್ಳಿ. ಕ್ಲಬ್ಬಿನ ಶಕ್ತಿಯ ಒಂದು ಪಾಲು ತಲೆಯನ್ನು ತಿರುಗಿಸುವುದಕ್ಕೇ ಹೋಗುತ್ತೆ. ಚೆಂಡಿನ ಪಾಲಿಗೆ 260 ಗ್ರಾಂ ತಲೆ ಅಷ್ಟು ತೂಕದ್ದು ಅನ್ನಿಸುವುದೇ ಇಲ್ಲ. ಮೊದಲ ಮಾದರಿಯಲ್ಲಿ ಅದು ಸುಮಾರು 176 ಗ್ರಾಂ ತಲೆ ಬಡಿದ ಹಾಗೆ, ಎರಡನೆಯದರಲ್ಲಿ ಸುಮಾರು 224 ಗ್ರಾಂ. ಗಾಲ್ಫ್ ಚೆಂಡಿನ ಗರಿಷ್ಠ ತೂಕ 45.93 ಗ್ರಾಂ. ಸಂವೇಗದ ನಿಯಮ ಹಾಕಿ ಲೆಕ್ಕ ಮಾಡಿದರೆ, ಮೊದಲನೆಯದರಲ್ಲಿ ಚೆಂಡಿನ ವೇಗ ಸುಮಾರು 7 ಶೇಕಡ ಕಡಿಮೆ, ಎರಡನೆಯದರಲ್ಲಿ ಸುಮಾರು 2 ಶೇಕಡ.

ಐದು ಶೇಕಡ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಚೆನ್ನಾಗಿ ತಾಗಿದರೆ 140 ಮೀಟರ್ ಹೋಗುವ ಹೊಡೆತ ಅದು ಅಂದುಕೊಳ್ಳಿ. ವೇಗ ಕಡಿಮೆ ಆದಷ್ಟೇ ದೂರವೂ ಕಡಿಮೆ ಆಯಿತು ಅಂದರೂ ಒಂದು ಚೆಂಡು ಸುಮಾರು 130ಕ್ಕೆ ಬೀಳುತ್ತೆ, ಇನ್ನೊಂದು 137ಕ್ಕೆ. ಮುಂದೆ 133 ಮೀಟರ್‌ವರೆಗೆ ನೀರಿನ ಹೊಂಡ ಇದ್ದರೆ? ಒಂದು ನೀರಿಗೆ, ಒಂದು ಹುಲ್ಲಿಗೆ. ಜತೆಗೆ ತಲೆ ತಿರುಗಿದ್ದರಿಂದ ದಿಕ್ಕು ತಪ್ಪುವುದು ಬೇರೆ.

ಫೀಲ್ ಅನ್ನುವುದು ತಡವಾಗಿ ಬರುವ ಪತ್ರ

"ಬ್ಲೇಡ್‌ನಲ್ಲಿ ಫೀಲ್ ಇರುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಸುಲಭವಾಗಿ ತಿರುಗುವ ತಲೆ, ಚೆಂಡು ಎಲ್ಲಿ ತಾಗಿತು ಅನ್ನುವುದನ್ನು ಕೈಗೆ ಜೋರಾಗಿಯೇ ಹೇಳುತ್ತೆ. ತಪ್ಪಾಗಿ ತಾಗಿದರೆ ಚಳಿಗಾಲದ ಬೆಳಗ್ಗೆ ಬೆರಳು ಜುಮ್ಮೆನ್ನುತ್ತೆ.

ಆದರೆ ಚೆಂಡು ಮುಖಕ್ಕೆ ಅಂಟಿಕೊಂಡಿರುವುದು ಹೆಚ್ಚುಕಡಿಮೆ ಅರ್ಧ ಮಿಲಿಸೆಕೆಂಡ್ ಮಾತ್ರ. ಅದುರು ಶಾಫ್ಟ್ ಹತ್ತಿ ಕೈಗೆ ಬಂದು, ಮಿದುಳಿಗೆ ಮುಟ್ಟುವಷ್ಟರಲ್ಲಿ ಚೆಂಡು ಹೋಗಿಯಾಗಿದೆ. ಅಂದರೆ ಫೀಲ್ ಈ ಹೊಡೆತಕ್ಕೆ ಏನೂ ಮಾಡಲಾರದು. ಅದು ಮುಂದಿನ ಹೊಡೆತಕ್ಕೆ ಸಿಗುವ ಮಾಹಿತಿ, ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಫೀಡ್‌ಬ್ಯಾಕ್. ಅದನ್ನು ಓದಿ ತಿದ್ದಿಕೊಳ್ಳುವವರಿಗೆ ಬಂಗಾರ. ಒಂದೊಂದು ಸಲ ಒಂದೊಂದು ಥರ ಹೊಡೆಯುವ ನಮ್ಮಂಥವರಿಗೆ ಬರೀ ಬೈಗುಳ.

ಇನ್ನೊಂದು ವಿಷಯ. ನಾವು ಫೀಲ್ ಅನ್ನುವುದರಲ್ಲಿ ದೊಡ್ಡ ಪಾಲು ಸದ್ದಿನದು. ಫೋರ್ಜ್ ಮಾಡಿದ ಮೆದು ಕಾರ್ಬನ್ ಸ್ಟೀಲ್ ಮೃದು, ಎರಕದ ಸ್ಟೇನ್‌ಲೆಸ್ ಸ್ಟೀಲ್ ಗಡಸು ಅಂತ ಹೇಳುವಾಗ ಕೈಯಷ್ಟೇ ಕಿವಿಯೂ ಮಾತಾಡುತ್ತಿರುತ್ತೆ. ಮುಖದ ದಪ್ಪ, ಆಕಾರ ಬದಲಾದರೆ ಸದ್ದು ಬದಲಾಗುತ್ತೆ. 'ಫೋರ್ಜ್ಡ್' ಅನ್ನುವ ಮುದ್ರೆ ನೋಡಿ ಮಾತ್ರ ದುಡ್ಡು ಕೊಡಬೇಡಿ.

ಹೊಟ್ಟೆಗೆ ಹಾಕಿಕೊಳ್ಳುವುದಕ್ಕೂ ಬೆಲೆ ಇದೆ

ಹಾಗಾದರೆ ಅತಿ ದಪ್ಪದ್ದನ್ನೇ ತಗೋಬಹುದಲ್ವಾ? ಇಲ್ಲ. ಅಲ್ಲಿಯೂ ಕೊಡುವುದು ಇದೆ.

ಅಗಲವಾದ ತಳ ಮೆತ್ತನೆ ನೆಲದಲ್ಲಿ ಹೂತುಕೊಳ್ಳದೆ ಜಾರುತ್ತೆ, ಅದು ಲಾಭ. ಗಟ್ಟಿ ಒಣ ನೆಲದಲ್ಲಿ ಅದೇ ತಳ ಪುಟಿದು, ಅಂಚು ಚೆಂಡಿನ ನಡುವಿಗೆ ಬಡಿಯಬಹುದು. ಮುಖವನ್ನು ಶಾಫ್ಟ್‌ಗಿಂತ ಸ್ವಲ್ಪ ಹಿಂದಕ್ಕೆ ಇಟ್ಟಿರುತ್ತಾರೆ. ಇದಕ್ಕೆ ಆಫ್‌ಸೆಟ್ ಅಂತ ಹೆಸರು. ಬಲಗೈ ಆಟಗಾರರ ಚೆಂಡು ಬಲಕ್ಕೆ ಓಡುವುದನ್ನು ಇದು ಕಡಿಮೆ ಮಾಡುತ್ತೆ. ಆದರೆ ಈಗಾಗಲೇ ಎಡಕ್ಕೆ ಹೊಡೆಯುವವರಿಗೆ ಇದು ಶತ್ರು. ಮರದ ಸುತ್ತ ಚೆಂಡನ್ನು ಬೇಕೆಂದೇ ಬಾಗಿಸುವ ಪಳಗಿದ ಆಟಗಾರರು ಕಡಿಮೆ ಆಫ್‌ಸೆಟ್ ಇರುವ ತೆಳು ತಲೆ ಇಷ್ಟಪಡುವುದು ಅದಕ್ಕೇ.

ಎಲ್ಲಕ್ಕಿಂತ ದೊಡ್ಡ ಬಲೆ ನಂಬರಿನದು. ಸಾಂಪ್ರದಾಯಿಕ ಬ್ಲೇಡ್‌ನ ಏಳನೇ ನಂಬರಿನ ಓರೆ ಸುಮಾರು 34 ಡಿಗ್ರಿ. ಈಗಿನ ಹೊಸಬರ ಐರನ್‌ಗಳಲ್ಲಿ ಅದೇ ಏಳನೇ ನಂಬರಿಗೆ 28ರಿಂದ 30 ಡಿಗ್ರಿ ಇರುವುದುಂಟು. ಅಂಗಡಿಯಲ್ಲಿ "ನೋಡಿ, ಇದರಲ್ಲಿ ಹತ್ತು ಮೀಟರ್ ಜಾಸ್ತಿ ಹೋಯ್ತು" ಅಂದರೆ ಹಿಗ್ಗಬೇಡಿ. ನೀವು ಹೊಡೆದದ್ದು ಹೆಸರು ಬದಲಾಯಿಸಿಕೊಂಡ ಆರನೇ ನಂಬರು ಇರಬಹುದು. ಓರೆ ಕಡಿಮೆಯಾದರೆ ಸ್ಪಿನ್ ಕೂಡ ಕಡಿಮೆ, ಚೆಂಡು ಹಸಿರು ಹಾಸಿನ ಮೇಲೆ ನಿಲ್ಲದೆ ಉರುಳಿ ಆಚೆ ಹೋಗಬಹುದು. ಹೋಲಿಸುವುದಾದರೆ ಡಿಗ್ರಿಗೆ ಡಿಗ್ರಿ ಹೋಲಿಸಿ.

ಆರಿಸುವ ಕ್ರಮ

ಚಿಕ್ಕಪ್ಪ ನಮ್ಮನ್ನು ಒಂದು ಬೆಳಗ್ಗೆ ಅಭ್ಯಾಸದ ರೇಂಜಿಗೆ ಕರೆದುಕೊಂಡು ಹೋಗಿ ಮಾಡಿಸಿದ್ದು ಇಷ್ಟು.

1. ಮುಖಕ್ಕೆ ತೆಳ್ಳಗೆ ಟಾಲ್ಕಂ ಪೌಡರ್ ಬಳಿದು ಹತ್ತು ಚೆಂಡು ಹೊಡೆಯಿರಿ. ಪ್ರತಿ ಸಲ ಗುರುತು ಎಲ್ಲಿ ಬಿತ್ತು ನೋಡಿ ಒರೆಸಿ, ಮತ್ತೆ ಬಳಿಯಿರಿ. ಗುರುತುಗಳೆಲ್ಲ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿದ್ದರೆ ತೆಳು ತಲೆಯ ಬಗ್ಗೆ ಯೋಚಿಸಬಹುದು. ಮುಖದ ತುಂಬ ಹರಡಿದ್ದರೆ ಉತ್ತರ ಅಲ್ಲೇ ಬರೆದಿದೆ.

2. ಅತಿ ಒಳ್ಳೆಯ ಹೊಡೆತವನ್ನು ನೆನಪಿಟ್ಟುಕೊಳ್ಳಬೇಡಿ. ಹತ್ತರಲ್ಲಿ ಅತಿ ದೂರದ್ದಕ್ಕೂ ಅತಿ ಹತ್ತಿರದ್ದಕ್ಕೂ ಎಷ್ಟು ಅಂತರ ಅಂತ ಬರೆದುಕೊಳ್ಳಿ. ಅಂತರ ಕಡಿಮೆ ಇರುವ ಕ್ಲಬ್ ಗೆದ್ದಿತು.

3. ಚೆಂಡಿನ ಮೇಲೆ ಮಾರ್ಕರ್‌ನಿಂದ ನೇರ ಗೆರೆ ಎಳೆದು, ಗೆರೆ ಮುಖದ ಕಡೆ ನೆಟ್ಟಗೆ ನಿಲ್ಲುವಂತೆ ಇಟ್ಟು ಹೊಡೆಯಿರಿ. ಮುಖದ ಮೇಲೆ ಮೂಡಿದ ಗೆರೆ ಓರೆ ಇದ್ದರೆ ಶಾಫ್ಟ್ ಮತ್ತು ತಲೆಯ ನಡುವಿನ ಕೋನ ನಿಮ್ಮ ಮೈಕಟ್ಟಿಗೆ ಹೊಂದುತ್ತಿಲ್ಲ. ಈ ಕೋನ ತಪ್ಪಿದ್ದರೆ ನೀವು ಸರಿಯಾಗಿ ಹೊಡೆದರೂ ಚೆಂಡು ಪಕ್ಕಕ್ಕೆ ಹೊರಡುತ್ತೆ. ಇದನ್ನು ಯಾವ ಗುಳಿಯೂ ಕ್ಷಮಿಸುವುದಿಲ್ಲ.

4. ಇಡೀ ಸೆಟ್ ಒಂದೇ ಥರ ಇರಬೇಕಿಲ್ಲ. ಉದ್ದದ 4, 5ನೇ ನಂಬರುಗಳಲ್ಲಿ ಎಲ್ಲರೂ ಹೆಚ್ಚು ತಪ್ಪುತ್ತಾರೆ. ಅಲ್ಲಿ ದಪ್ಪ ತಲೆ. 9ನೇ ನಂಬರು, ವೆಡ್ಜ್‌ಗಳಲ್ಲಿ ಬೇಕಾದರೆ ತೆಳು ತಲೆ.

ನಮ್ಮ ಪೌಡರ್ ಪರೀಕ್ಷೆಯ ಫಲಿತಾಂಶ ಮುಚ್ಚಿಡುವುದಿಲ್ಲ. ನಾಲ್ವರ ಗುರುತುಗಳೂ ಮುಖದ ತುಂಬ ರಂಗೋಲಿ ಹಾಕಿದ್ದವು. ಬ್ಲೇಡ್‌ನಲ್ಲಿ ಒಂದೇ ಒಂದು ಚೆಂಡು ಎಷ್ಟು ಸೊಗಸಾಗಿ ಹೋಯಿತೆಂದರೆ, ಉಳಿದದ್ದೆಲ್ಲ ಮರೆತು ಮನೆಗೆ ಬರುವವರೆಗೂ ಅದನ್ನೇ ಮಾತಾಡಿದೆವು. ಆಮೇಲೆ ಬರೆದಿಟ್ಟ ಅಂತರ ನೋಡಿದೆವು. ಮಾತು ನಿಂತಿತು.

ನಮಗೆ ತಿಳಿದದ್ದು ಇಷ್ಟು. ಕಂಟ್ರೋಲ್ ಬೇರೆ, ಫರ್ಗಿವ್‌ನೆಸ್ ಬೇರೆ ಅಂದುಕೊಂಡಿದ್ದೆವು. ಪ್ರತಿ ಸಲ ಮಧ್ಯಕ್ಕೇ ಹೊಡೆಯುವವರಿಗೆ ಅವು ಬೇರೆ. ನಮ್ಮಂಥವರಿಗೆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಐರನ್ನೇ ಕಂಟ್ರೋಲ್ ಕೊಡುವ ಐರನ್. ಇದು ನಾಚಿಕೆಯ ವಿಷಯವೂ ಅಲ್ಲ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದರು. ಕಂಚಿನ ಪದಕಕ್ಕೂ ಅವರಿಗೂ ಇದ್ದದ್ದು ಒಂದೇ ಹೊಡೆತದ ಅಂತರ. ಅವರು ದೂರ ಹೊಡೆಯುವುದಕ್ಕೆ ಹೆಸರಾದವರಲ್ಲ. ತಮ್ಮ ಬಲ ಹಸಿರು ಹಾಸಿನ ಸುತ್ತಮುತ್ತ ಇದೆ ಅಂತ ತಿಳಿದು ಆಡುವವರು. ತನ್ನ ಆಟ ಏನು ಅಂತ ಗೊತ್ತಿರುವುದೇ ಮೊದಲ ಸಾಮಾನು.

ಮುಂದೆ ನಾವು ಮಾಡುವ ಡಿಸೈನ್‌ಗಳಿಗೂ ಇದೇ ಪ್ರಶ್ನೆ ಬರುತ್ತೆ. ಪಂಪೋ, ಆ್ಯಪ್ಪೋ, ಆಸ್ಪತ್ರೆಯ ಉಪಕರಣವೋ, ಎಲ್ಲವೂ ಸರಿಯಾಗಿದ್ದಾಗ ಹೇಗೆ ಕೆಲಸ ಮಾಡುತ್ತೆ ಅಂತ ಎಲ್ಲರೂ ತೋರಿಸುತ್ತಾರೆ. ಸುಸ್ತಾದ ಕೈ, ಗಡಿಬಿಡಿಯ ಬೆರಳು ಮಧ್ಯ ತಪ್ಪಿ ತಾಗಿದಾಗ ಏನಾಗುತ್ತೆ? ಸೋಲ್‌ಹೈಮ್ ಕೇಳಿದ್ದು ಅದನ್ನೇ, ಚಿಕ್ಕಪ್ಪ ಕೇಳಿದ್ದೂ ಅದನ್ನೇ.

ಸೌಟಿನಂಥ ಐರನ್ ಈಗ ನಮ್ಮ ರೂಮಿನಲ್ಲಿದೆ. ಬ್ಲೇಡ್ ಚಿಕ್ಕಪ್ಪನ ಹತ್ತಿರವೇ ಇದೆ. ಪೌಡರ್ ಗುರುತು ನಾಣ್ಯದಷ್ಟು ಆದ ದಿನ ಬಂದು ತಗೊಂಡು ಹೋಗಿ ಅಂದಿದ್ದಾರೆ.