ದೂರು ಕೊಟ್ಟವಳನ್ನೇ ಕಟಕಟೆಗೆ ಹತ್ತಿಸಬೇಡ

ಮಂಡ್ಯದಲ್ಲಿ ಪೇಪರಿಗೆ ಸೇರಿದೆಯಂತೆ, ನಿಮ್ಮಪ್ಪ ಹೇಳಿದ. ಸಂತೋಷ ಕಣ್ಲಾ ಮಗಾ. ಕ್ರೈಂ ಸುದ್ದಿ ವಹಿಸಿದ್ದಾರೆ ಅಂದಮೇಲೆ ನಿನ್ನ ದೊಡ್ಡಪ್ಪ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ, ಕೇಳು.

ನಾನು ಮದ್ದೂರಿನಿಂದ ಸುದ್ದಿ ಕಳಿಸುತ್ತಿದ್ದ ಕಾಲ. ಸಂಜೆ ಡೇರಿಗೆ ಹಾಲು ಹಾಕಿ ಬರುತ್ತಿದ್ದ ಹೆಂಗಸಿನ ಮಾಂಗಲ್ಯ ಸರವನ್ನು ಬೈಕಿನವರು ಕಿತ್ತುಕೊಂಡು ಹೋದರು. ಆಕೆ ಕೊರಳಿನ ಗಾಯವನ್ನು ಸೆರಗಲ್ಲಿ ಒತ್ತಿಕೊಂಡು ನೇರ ಸ್ಟೇಷನ್ನಿಗೆ ಬಂದು, ಬೈಕ್ ನಂಬರಿನ ಕೊನೆಯ ಎರಡು ಅಂಕಿಯನ್ನೂ ಹೇಳಿದಳು. ನಾನು ಬರೆದದ್ದೇನು? ‘ಒಡವೆ ಹಾಕಿಕೊಂಡು ಒಂಟಿಯಾಗಿ ಹೊರಟಿದ್ದ ಮಹಿಳೆ’ ಅಂತ. ಆ ಎರಡು ಅಂಕಿಗೆ ಜಾಗವೇ ಸಿಗಲಿಲ್ಲ. ಮಾರನೇ ದಿನ ಅರಳಿಕಟ್ಟೆಯಲ್ಲಿ ಪೇಪರ್ ಓದಿದವರು ಕಳ್ಳರನ್ನು ಬಿಟ್ಟು ಅವಳನ್ನು ಬಯ್ದರು. ಮುಂದೆ ಅದೇ ಬೀದಿಯಲ್ಲಿ ಇನ್ನೊಬ್ಬಳ ಸರ ಹೋದಾಗ ಅವಳು ಸ್ಟೇಷನ್ ಕಡೆ ತಲೆ ಹಾಕಲಿಲ್ಲ. ‘ಸರ ಹೋದದ್ದು ಸಾಲ್ದು ಅಂತ ಪೇಪರ್‌ನಲ್ಲಿ ಮಾನಾನೂ ಕಳ್ಕೋಬೇಕಾ?’ ಅಂದಳು. ಕೇಳಿದ್ದು ನನ್ನನ್ನೇ.

ದೊಡ್ಡವರೂ ಹೀಗೆ ಜಾರುತ್ತಾರೆ. 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಬಳಿ ವಿದ್ಯಾರ್ಥಿನಿಯ ಮೇಲೆ ಗುಂಪು ಅತ್ಯಾಚಾರವಾದಾಗ, ಗೃಹ ಸಚಿವರಾಗಿದ್ದ ಆರಗ ಜ್ಞಾನೇಂದ್ರ ಆ ಹೊತ್ತಿನಲ್ಲಿ ಅಲ್ಲಿಗೆ ಹೋಗಬಾರದಿತ್ತು ಅಂದರು. ಆಮೇಲೆ ಮಾತು ಹಿಂತೆಗೆದುಕೊಂಡರು. ಮರುವರ್ಷ ಅಕ್ಟೋಬರ್‌ನಲ್ಲಿ ನಮ್ಮ ಮಳವಳ್ಳಿಯಲ್ಲೇ ಹತ್ತು ವರ್ಷದ ಮಗುವನ್ನು ಕೊಂದರಲ್ಲ, ಅದು ಹೋಗಿದ್ದು ಟ್ಯೂಷನ್ನಿಗೆ. ‘ಅಲ್ಲಿಗೇಕೆ ಹೋದಳು’ ಎನ್ನುವವರು ಅಲ್ಲಿ ಏನು ಕೇಳುತ್ತಾರೆ?

ಕಾನೂನಿನ ಮಾತೂ ಗೊತ್ತಿರಲಿ. ಅತ್ಯಾಚಾರಕ್ಕೊಳಗಾದವರ ಗುರುತು ಅಚ್ಚು ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ನಿನಲ್ಲಿ ಎರಡು ವರ್ಷದವರೆಗೆ ಜೈಲು. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆ ಇನ್ನೂ ಬಿಗಿ: ಶಾಲೆ, ಮನೆಯವರು, ನೆರೆಹೊರೆ ಯಾವುದರ ಸುಳಿವೂ ಕೂಡದು. ನಮ್ಮಂಥ ಊರುಗಳಲ್ಲಿ ಹೆಸರೇ ಬೇಕಿಲ್ಲವಪ್ಪ, ‘ಡೇರಿ ಎದುರಿನ ಮನೆ’ ಅಂದರೆ ಸಾಕು, ಇಡೀ ಹೋಬಳಿಗೆ ಗೊತ್ತಾಗುತ್ತದೆ.

ಅದರ ಬದಲು ಜನಕ್ಕೆ ಬೇಕಾದ ಎರಡು ಸಾಲು ಸೇರಿಸು. ಕಷ್ಟ ಬಂದರೆ 112ಕ್ಕೆ ಫೋನ್ ಮಾಡಿ ಅನ್ನು. ಮದ್ದೂರಿನಲ್ಲಿ ಸರ ಹೋದರೂ ಮಳವಳ್ಳಿ ಠಾಣೆಯಲ್ಲಿ ದೂರು ಕೊಡಬಹುದು, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು ಅಂತ ಬರಿ.

ನಿನ್ನ ಮೊದಲ ಸರಗಳವು ಸುದ್ದಿಯನ್ನು ಕಳಿಸುವ ಮುಂಚೆ ನನಗೊಂದು ಸಲ ಫೋನಿನಲ್ಲಿ ಓದಿ ಹೇಳು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.