ಓಪನ್ ಎಲೆಕ್ಟಿವ್: ಫಾರಂ ತುಂಬುವ ಮುನ್ನ

ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಕಾಲೇಜಿನ ನೋಟಿಸ್ ಬೋರ್ಡಿಗೆ ಓಪನ್ ಎಲೆಕ್ಟಿವ್, ಅಂದರೆ ಬೇರೆ ವಿಭಾಗದಿಂದ ಆರಿಸಿಕೊಳ್ಳಬಹುದಾದ ಪತ್ರಿಕೆಗಳ ಪಟ್ಟಿ ಬೀಳುತ್ತದೆ. ಅಂತರರಾಷ್ಟ್ರೀಯ ಸಂಬಂಧಗಳು, ಪರಿಸರ ವಿಜ್ಞಾನ, ಹಣಕಾಸು ನಿರ್ವಹಣೆ, ರಂಗಭೂಮಿ ಹೀಗೆ ಹತ್ತಾರು ಹೆಸರುಗಳು. ಫಾರಂ ಕೊಡಲು ಸಿಗುವುದು ಕೆಲವೇ ದಿನ. ಆ ಗಡಿಬಿಡಿಯಲ್ಲಿ ಬಹಳಷ್ಟು ಮಂದಿ ಪಕ್ಕದಲ್ಲಿ ಕುಳಿತ ಗೆಳೆಯ ಬರೆದದ್ದನ್ನೇ ಬರೆಯುತ್ತಾರೆ, ಇಲ್ಲವೇ ‘ಯಾವುದರಲ್ಲಿ ಮಾರ್ಕ್ಸ್ ಜಾಸ್ತಿ ಕೊಡ್ತಾರೆ?’ ಎಂದು ಸೀನಿಯರ್‌ಗಳನ್ನು ವಿಚಾರಿಸುತ್ತಾರೆ. ಇಡೀ ಪದವಿಯಲ್ಲಿ ವಿದ್ಯಾರ್ಥಿ ತಾನೇ ಆರಿಸಿಕೊಳ್ಳುವ ಪತ್ರಿಕೆಗಳು ಬೆರಳೆಣಿಕೆಯಷ್ಟು. ಅವನ್ನೂ ಹೀಗೆ ಕೈಬಿಡುವುದು ದೊಡ್ಡ ನಷ್ಟ.

ಯಾವ ವರ್ಷದ ನಿಯಮ?

ಸೀನಿಯರ್‌ಗಳ ಮಾತನ್ನು ಪೂರ್ತಿ ನಂಬಲಾಗದ್ದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಪಠ್ಯಕ್ರಮವೂ ಬದಲಾಯಿತು. ಅದೇ ಕಾಲೇಜು, ಅದೇ ಕೋರ್ಸು ಆದರೂ ಅಣ್ಣನಿಗೆ ಇದ್ದ ಆಯ್ಕೆ ತಂಗಿಗೆ ಇಲ್ಲದಿರಬಹುದು. ಆದ್ದರಿಂದ ಮೊದಲ ಕೆಲಸ, ತಾನು ಸೇರಿದ ವರ್ಷಕ್ಕೆ ಅನ್ವಯಿಸುವ ನಿಯಮಾವಳಿಯನ್ನು ವಿಶ್ವವಿದ್ಯಾಲಯದ ಜಾಲತಾಣದಿಂದ ಇಳಿಸಿಕೊಂಡು ಓದುವುದು.

ಅದರಲ್ಲಿ ಹುಡುಕಬೇಕಾದದ್ದು ಎಷ್ಟು ಕ್ರೆಡಿಟ್, ಯಾವ ಸೆಮಿಸ್ಟರ್, ಯಾವ ವಿಷಯ ತೆಗೆದುಕೊಳ್ಳುವಂತಿಲ್ಲ ಎಂಬುದನ್ನು. ಯುಜಿಸಿ 2022ರಲ್ಲಿ ಹೊರತಂದ ಪದವಿ ಚೌಕಟ್ಟಿನಲ್ಲಿ, ಬೇರೆ ವಿಭಾಗದ ವಿಷಯ ಓದಿಸುವ ಬಹುಶಿಸ್ತೀಯ ಕೋರ್ಸುಗಳಿಗೆ 9 ಕ್ರೆಡಿಟ್ ಇದೆ. ಹನ್ನೆರಡನೇ ತರಗತಿಯಲ್ಲಿ ಓದಿದ್ದನ್ನೇ ಇಲ್ಲಿ ಮತ್ತೆ ಆರಿಸುವಂತಿಲ್ಲ ಎಂದೂ ಅದು ಹೇಳುತ್ತದೆ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೋರ್ಸುಗಳಲ್ಲಿ ಹಾರ್ಡ್ ಕೋರ್, ಸಾಫ್ಟ್ ಕೋರ್, ಓಪನ್ ಎಲೆಕ್ಟಿವ್ ಎಂಬ ಮೂರು ಬಗೆ ಇವೆ. ಬೇರೆ ವಿಭಾಗದ ಬಾಗಿಲು ತೆರೆಯುವುದು ಮೂರನೆಯದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿ: ವಿಟಿಯು ನಿಯಮದಂತೆ ಓಪನ್ ಎಲೆಕ್ಟಿವ್ ನಡೆಸಲು ಸಾಮಾನ್ಯವಾಗಿ ಕನಿಷ್ಠ 10 ವಿದ್ಯಾರ್ಥಿಗಳು ಬೇಕು. ಅಪರೂಪದ ವಿಷಯ ಬೇಕೆಂದರೆ ಫಾರಂ ಬರುವ ಮೊದಲೇ ಆಸಕ್ತರನ್ನು ಒಟ್ಟುಗೂಡಿಸಿ ಎಚ್‌ಒಡಿಯವರ ಬಳಿ ಹೋಗುವುದು ಒಳ್ಳೆಯದು.

ಮನೆಯ ಪ್ರಶ್ನೆಯಿಂದ ಹೊರಡಿ

ನಿಯಮ ತಿಳಿದ ಮೇಲೆ ವಿಷಯ ಆರಿಸುವುದು ಹೇಗೆ? ಪಟ್ಟಿಯನ್ನು ಪಕ್ಕಕ್ಕಿಟ್ಟು, ತನಗೆ ನಿಜಕ್ಕೂ ಉತ್ತರ ಬೇಕಾದ ಒಂದು ಪ್ರಶ್ನೆಯನ್ನು ಬರೆದುಕೊಳ್ಳುವುದೇ ಸರಿಯಾದ ದಾರಿ.

ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆಯ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ‘ನಮ್ಮ ಕಾಫಿ ಯುರೋಪಿಗೆ ಹೋಗಲು ತೋಟದ ನಕ್ಷೆ ಯಾಕೆ ಬೇಕು?’ ಇದು ಅವಳ ಪ್ರಶ್ನೆ. ಐರೋಪ್ಯ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆ ಕಾನೂನು ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಗೆ ಅಲ್ಲಿನ ಮಾರುಕಟ್ಟೆಯಲ್ಲಿ ಪ್ರವೇಶವಿಲ್ಲ ಎನ್ನುತ್ತದೆ ಆ ಕಾನೂನು. ಬೆಳೆದ ಜಾಗದ ಅಕ್ಷಾಂಶ, ರೇಖಾಂಶಗಳ ವಿವರವನ್ನೂ ಕೇಳುತ್ತದೆ. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಲೇ ಬಂದಿದೆ. ಏಕೆ ಮುಂದಕ್ಕೆ ಹೋಯಿತು, ಯಾವ ದೇಶಗಳು ಒತ್ತಡ ತಂದವು ಎಂಬುದನ್ನು ತಿಳಿಯಲು ಬೇಕಾದದ್ದು ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆ. ತೋಟದ ಗಡಿಯನ್ನು ಉಪಗ್ರಹ ಚಿತ್ರದ ಮೇಲೆ ಗುರುತಿಸುವುದನ್ನು ಕಲಿಸುವುದು ಭೂಗೋಳ ವಿಭಾಗದ ಜಿಐಎಸ್ ಪತ್ರಿಕೆ. ಲೆಕ್ಕಪತ್ರ ಹೇಗೂ ಅವಳ ಸ್ವಂತ ವಿಷಯ. ಪ್ರಶ್ನೆ ಸ್ಪಷ್ಟವಾಗಿದ್ದರಿಂದ ಉದ್ದನೆಯ ಪಟ್ಟಿ ಎರಡು ಹೆಸರಿಗೆ ಇಳಿಯಿತು. ದೇಶದ ಕಾಫಿಯಲ್ಲಿ ಹೆಚ್ಚು ಪಾಲು ಬೆಳೆಯುವ ರಾಜ್ಯದಲ್ಲಿ ಇಂಥ ಪ್ರಶ್ನೆಗಳಿಗೆ ಬರವೇನೂ ಇಲ್ಲ.

ಅಂಕದ ಲೆಕ್ಕ ಹಾಕುವುದೇ ತಪ್ಪೆಂದಲ್ಲ. ಗಿರೀಶ ಕಾರ್ನಾಡರು ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದರು. ಗಣಿತದಲ್ಲಿ ಒಳ್ಳೆಯ ಅಂಕ ತೆಗೆದರೆ ವಿದ್ಯಾರ್ಥಿವೇತನ ಪಡೆದು ವಿದೇಶಕ್ಕೆ ಹೋಗಬಹುದೆಂಬ ಗುರಿ ಅವರಿಗಿತ್ತು. ಆಮೇಲೆ ಆಕ್ಸ್‌ಫರ್ಡಿನಲ್ಲಿ ಅವರು ಓದಿದ್ದು ತತ್ವಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ. ಗುರಿಯಿಟ್ಟು ಅಂಕ ತೆಗೆಯುವುದು ಬೇರೆ, ಗುರಿಯಿಲ್ಲದೆ ಸುಲಭದ್ದನ್ನು ಹುಡುಕುವುದು ಬೇರೆ. ನಾಗರಿಕ ಸೇವಾ ಪರೀಕ್ಷೆಯ ಕನಸಿರುವ ವಿಜ್ಞಾನ ವಿದ್ಯಾರ್ಥಿಗೂ ಇದೇ ಮಾತು. ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಎರಡನೇ ಪತ್ರಿಕೆಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳು ಇರುವುದರಿಂದ ಆ ಎಲೆಕ್ಟಿವ್ ಅವನಿಗೆ ಎರಡು ಕಡೆ ಉಪಯೋಗಕ್ಕೆ ಬರುತ್ತದೆ.

ಹೆಸರಿಗಿಂತ ಘಟಕ ಮುಖ್ಯ

‘ಉದ್ಯಮಶೀಲತೆ’ ಎಂಬ ಹೆಸರು ಕೇಳಲು ಚೆನ್ನಾಗಿದೆ. ಆದರೆ ಪಠ್ಯಕ್ರಮದ ಹಾಳೆ ತೆರೆದರೆ ಬರೀ ವ್ಯಾಖ್ಯೆಗಳೇ ಇರಬಹುದು, ಇಲ್ಲವೇ ಒಂದು ಅಂಗಡಿಯ ಖರ್ಚು-ವರಮಾನದ ಯೋಜನಾ ವರದಿ ತಯಾರಿಸುವ ಕೆಲಸವೂ ಇರಬಹುದು. ಪ್ರತಿ ಘಟಕಕ್ಕೆ ಕೊಟ್ಟಿರುವ ಗಂಟೆಗಳು, ಕೊನೆಯಲ್ಲಿರುವ ಪುಸ್ತಕಗಳ ಪಟ್ಟಿ, ಆಂತರಿಕ ಅಂಕ ಬರುವುದು ಟೆಸ್ಟಿನಿಂದಲೋ ಪ್ರಾಜೆಕ್ಟಿನಿಂದಲೋ, ಇಷ್ಟು ನೋಡಿದರೆ ಪತ್ರಿಕೆಯ ಸ್ವಭಾವ ತಿಳಿಯುತ್ತದೆ. ಸಾಮಾನ್ಯವಾಗಿ ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 15 ಗಂಟೆ ಪಾಠ, ಪ್ರಾಯೋಗಿಕವಾದರೆ 30 ಗಂಟೆ. ಮೂರು ಕ್ರೆಡಿಟ್ಟಿನ ರಂಗಭೂಮಿ ಪತ್ರಿಕೆಯಲ್ಲಿ ಒಂದು ಕ್ರೆಡಿಟ್ ಪ್ರಾಯೋಗಿಕವಾಗಿದ್ದರೆ ಸಂಜೆಯ ತಾಲೀಮಿಗೂ ಸಮಯ ಬೇಕು. ಊರಿನ ಕೊನೆಯ ಬಸ್ಸಿಗೆ ಓಡಬೇಕಾದವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಹಳೆಯ ಪ್ರಶ್ನೆಪತ್ರಿಕೆ ಸಿಕ್ಕರೆ ಇನ್ನೂ ಅನುಕೂಲ. ಕನ್ನಡ ಮಾಧ್ಯಮದಿಂದ ಬಂದವರು ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶವಿದೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸಬೇಕು. ಆ ಹಿಂಜರಿಕೆಗೇ ಎಷ್ಟೋ ಮಂದಿ ಇಷ್ಟದ ವಿಷಯವನ್ನು ಬಿಟ್ಟುಬಿಡುತ್ತಾರೆ.

ಕಾಲೇಜಿನಲ್ಲಿ ಇಲ್ಲದಿದ್ದರೆ

ಬೇಕಾದ ವಿಷಯ ಕಾಲೇಜಿನಲ್ಲಿ ಇಲ್ಲವಾದರೆ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ಜಾಲತಾಣವಿದೆ. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಅಲ್ಲಿಂದ ತೆಗೆದುಕೊಳ್ಳಲು ವಿಶ್ವವಿದ್ಯಾಲಯ ಅನುಮತಿ ಕೊಡಬಹುದು. ಸೇರಲು ಹಣ ಬೇಡ, ಪರೀಕ್ಷೆಗೆ ಶುಲ್ಕವಿದೆ. ಅದೇ ಜಾಲತಾಣದಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ವಾರದ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೇ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಪ್ರಮಾಣಪತ್ರಕ್ಕೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬರಲೇಬೇಕು. ಆದರೆ ಕೋರ್ಸ್ ಮುಗಿಸಿ ಪ್ರಮಾಣಪತ್ರ ಹಿಡಿದು ಹೋದರೆ ಸಾಲದು. ಸೇರುವ ಮುನ್ನವೇ ಕಾಲೇಜಿನಿಂದ ಲಿಖಿತ ಒಪ್ಪಿಗೆ ಪಡೆಯದಿದ್ದರೆ ಕ್ರೆಡಿಟ್ ಕೈತಪ್ಪುವ ಸಾಧ್ಯತೆಯಿದೆ.

ಇನ್ನು ಕಾಗದಪತ್ರದ ಕೆಲಸ. ಗಳಿಸಿದ ಕ್ರೆಡಿಟ್‌ಗಳು ಜಮೆಯಾಗುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ 12 ಅಂಕಿಯ ಗುರುತಿನ ಸಂಖ್ಯೆಯನ್ನು ಡಿಜಿಲಾಕರ್ ಮೂಲಕ ಮಾಡಿಸಿಕೊಂಡು, ಅದರಲ್ಲಿರುವ ಹೆಸರು ಅಂಕಪಟ್ಟಿಯ ಹೆಸರಿನೊಂದಿಗೆ ಹೊಂದುತ್ತದೆಯೇ ನೋಡಬೇಕು. ಪರೀಕ್ಷಾ ಅರ್ಜಿ ತುಂಬುವಾಗ ಎಲೆಕ್ಟಿವ್‌ನ ಪತ್ರಿಕೆ ಕೋಡನ್ನು ಒಂದೊಂದೇ ಅಂಕಿಯಾಗಿ ತಾಳೆ ನೋಡಬೇಕು. ಓದಿದ್ದು ಒಂದು, ಪ್ರವೇಶಪತ್ರದಲ್ಲಿ ಬಂದದ್ದು ಇನ್ನೊಂದು ಎಂದಾದರೆ ತಿದ್ದಿಸಲು ಆಯ್ಕೆ ಫಾರಂನ ಸಹಿಯಾದ ನಕಲು ಬೇಕಾಗುತ್ತದೆ. ಫಾರಂ ಕೊಟ್ಟ ದಿನವೇ ಅದರ ಫೋಟೊ ತೆಗೆದಿಟ್ಟುಕೊಳ್ಳಬೇಕು.