ಮಾತು ತಪ್ಪಿದರೆ ಪರಿಹಾರ ಎಷ್ಟು?

ಬೇಸಿಗೆಗೆಂದು ಎರಡು ಲೋಡು ರಾಗಿ ಹುಲ್ಲಿಗೆ ಮಾತಾಡಿ ಮುಂಗಡ ಕೊಟ್ಟಿದ್ದೀರಿ ಎಂದುಕೊಳ್ಳಿ. ಲೋಡಿಗೆ 6,000 ರೂಪಾಯಿ. ಹೇಳಿದ ದಿನ ಹುಲ್ಲು ಬರಲಿಲ್ಲ. ಆ ಹೊತ್ತಿಗೆ ದರ 7,500ಕ್ಕೆ ಏರಿದೆ. ಕೋರ್ಟಿಗೆ ಹೋದರೆ ಏನು ಸಿಗುತ್ತದೆ?

1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಂ ಪ್ರಕಾರ ಲೆಕ್ಕ ಹೀಗೆ: ಮುಂಗಡ ವಾಪಸ್, ಜೊತೆಗೆ ಎರಡು ದರಗಳ ವ್ಯತ್ಯಾಸ, ಲೋಡಿಗೆ 1,500ರಂತೆ 3,000 ರೂಪಾಯಿ. ಪರಿಹಾರವೆಂದರೆ ಮಾತು ತಪ್ಪಿದವನಿಗೆ ಶಿಕ್ಷೆಯಲ್ಲ. ಅವನು ಮಾತು ಉಳಿಸಿಕೊಂಡಿದ್ದರೆ ನೀವು ಎಲ್ಲಿರುತ್ತಿದ್ದಿರೋ, ದುಡ್ಡಿನ ಮಟ್ಟಿಗೆ ಅಲ್ಲಿಗೆ ತಂದು ನಿಲ್ಲಿಸುವುದು. ಹೊಟ್ಟೆ ಉರಿದದ್ದಕ್ಕೆ ಸಾಮಾನ್ಯವಾಗಿ ಕಾಸಿಲ್ಲ.

"ಹುಲ್ಲಿಲ್ಲದೆ ಹಸು ಹಾಲು ಇಳಿಸಿತು, ಅದನ್ನೂ ಕೊಡಿಸಿ" ಎಂದರೆ? ಬೇರೆ ಕಡೆ ಹುಲ್ಲು ಸಿಗುತ್ತಿರಲಿಲ್ಲವೇ ಎಂದು ಕೋರ್ಟು ಕೇಳುತ್ತದೆ. ಸಿಗುತ್ತಿದ್ದರೂ ಕೈಕಟ್ಟಿ ಕೂತಿದ್ದರೆ ಆ ನಷ್ಟ ನಿಮ್ಮದೇ. ಇನ್ನೊಂದು ಪ್ರಶ್ನೆ: ಇಂಥ ನಷ್ಟವಾಗುತ್ತದೆಂದು ಕರಾರಿನ ವೇಳೆ ಅವನಿಗೆ ಗೊತ್ತಿತ್ತೇ?

ಈ ಪ್ರಶ್ನೆಗೆ ಹೆಸರಾದದ್ದು 1854ರ ಇಂಗ್ಲೆಂಡಿನ ಹ್ಯಾಡ್ಲಿ-ಬ್ಯಾಕ್ಸೆಂಡೇಲ್ ತೀರ್ಪು. ಗ್ಲೌಸ್ಟರ್‌ನ ಒಂದು ಗಿರಣಿಯ ಶಾಫ್ಟ್ ಮುರಿಯಿತು. ಮುರಿದದ್ದನ್ನೇ ಮಾದರಿಗೆಂದು ಗ್ರೀನಿಚ್‌ಗೆ ಕಳಿಸಿದರು. ಸಾಗಣೆಯವರು ತಡಮಾಡಿದರು, ಗಿರಣಿ ಇನ್ನಷ್ಟು ದಿನ ನಿಂತಿತು. ಆದರೂ ಗಿರಣಿಯ ಲಾಭ ಹೋದದ್ದಕ್ಕೆ ಪರಿಹಾರ ಕೊಡಬೇಕಿಲ್ಲ ಎಂದಿತು ಕೋರ್ಟು. ಬದಲಿ ಶಾಫ್ಟ್ ಇಲ್ಲ, ಇದು ಬರುವತನಕ ಗಿರಣಿ ನಡೆಯದು ಎಂಬುದನ್ನು ಸಾಗಣೆಯವರಿಗೆ ತಿಳಿಸಿರಲಿಲ್ಲ ಎಂಬುದೇ ಕಾರಣ.

ಆದ್ದರಿಂದ ಹಾಲು ಕರೆಯುವ ಯಂತ್ರದ ಮೋಟರನ್ನು ರಿಪೇರಿಗೆ ಕೊಡುವಾಗ "ಇರೋದು ಇದೊಂದೇ, ನಾಳೆ ಸಂಜೆಯೊಳಗೆ ಬೇಕು, ತಡವಾದರೆ ಕೂಲಿ ಕೊಟ್ಟು ಕರೆಸಬೇಕಾಗುತ್ತೆ" ಎಂದು ಹೇಳಿಬಿಡಿ. ಅದನ್ನೇ ವಾಟ್ಸಾಪ್‌ನಲ್ಲೂ ಹಾಕಿ. ನಾವು ಬಾಯಿಮಾತಿನಲ್ಲೇ ಮುಗಿಸುವವರು, ಆಮೇಲೆ ಒದ್ದಾಡುವವರೂ ನಾವೇ.

ಚೀಟಿಯಲ್ಲಿ "ತಪ್ಪಿದರೆ 10,000 ಕೊಡತಕ್ಕದ್ದು" ಎಂದಿದ್ದರೆ ಅಷ್ಟೂ ಸಿಗುತ್ತದೆಂದಲ್ಲ. 74ನೇ ಕಲಂ ಪ್ರಕಾರ ಅದು ಮೇಲ್ಮಿತಿ. ಅದರೊಳಗೆ ಸಮಂಜಸವಾದಷ್ಟನ್ನು ಕೋರ್ಟು ಕೊಡಿಸುತ್ತದೆ.

ಹಾಲಿನ ನಷ್ಟ ತೋರಿಸಬೇಕಾದರೆ ಡೇರಿಯ ಪಾಸ್‌ಬುಕ್ಕೇ ದೊಡ್ಡ ಸಾಕ್ಷಿ. ಯಾವ ದಿನ ಎಷ್ಟು ಲೀಟರ್ ಎಂಬುದು ಅದರಲ್ಲಿರುತ್ತದೆ. ಆದರೆ ಲೀಟರಿನ ಪೂರ್ತಿ ದರ ಕೇಳುವಂತಿಲ್ಲ, ಆ ದಿನಗಳಲ್ಲಿ ಉಳಿದ ಮೇವು, ಹಿಂಡಿಯ ಖರ್ಚು ಕಳೆಯಬೇಕು.

ಕರಾರು ಮುರಿದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ. ಹೋಗುವಾಗ ಚೀಟಿ, ಬಿಲ್ಲು, ಪಾಸ್‌ಬುಕ್ ಕೈಯಲ್ಲಿರಲಿ.